ಬದಲಾದನೇ, ಬಯಲಾದನೇ?

ಪ್ರಶ್ನೆ: ಇತ್ತೀಚೆಗೆ ‘ದೇರ್ ವಿಲ್ ಬಿ ಬ್ಲಡ್’ ಸಿನಿಮಾ ನೋಡಿದೆ. ಎಣ್ಣೆ ಬಾವಿಯ ಧಣಿ ಡೇನಿಯಲ್ ಪ್ಲೇನ್‌ವ್ಯೂ ಮೊದಲಿನಿಂದ ಕೊನೆಯವರೆಗೂ ಒಂದೇ ಥರ, ಅವನಲ್ಲಿ ಬದಲಾವಣೆಯೇ ಇಲ್ಲ ಎಂದು ನನ್ನ ಗೆಳೆಯ ವಾದ ಮಾಡುತ್ತಾನೆ. ನನಗೆ ಹಾಗನ್ನಿಸಲಿಲ್ಲ. ಮೊದಲರ್ಧದ ಡೇನಿಯಲ್ ನನಗೆ ಇಷ್ಟವೇ ಆಗಿದ್ದ. ಅವನು ನಿಜಕ್ಕೂ ಬದಲಾಗುತ್ತಾನಾ, ಅಥವಾ ಒಳಗೆ ಇದ್ದದ್ದೇ ಹೊರಗೆ ಬರುತ್ತದಾ? ನಾನೂ ಒಂದು ಕಿರುಚಿತ್ರಕ್ಕೆ ಇಂಥದ್ದೇ ಹಟದ ಪಾತ್ರ ಬರೆಯುತ್ತಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಬೇಡ, ನಾನು ನಿಮ್ಮ ಕಡೆ. ಡೇನಿಯಲ್ ಬದಲಾಗುತ್ತಾನೆ. ಆದರೆ ಸಾಮಾನ್ಯವಾಗಿ ನಾವು ಹುಡುಕುವ ಜಾಗದಲ್ಲಿ ಆ ಬದಲಾವಣೆ ಸಿಗುವುದಿಲ್ಲ. ಒಳ್ಳೆಯವನೊಬ್ಬ ದುಡ್ಡು ಕಂಡು ಕೆಟ್ಟವನಾದ ಎಂದು ಹುಡುಕಲು ಹೊರಟರೆ ನಿಮ್ಮ ಗೆಳೆಯನೇ ಗೆಲ್ಲುತ್ತಾನೆ, ಯಾಕೆಂದರೆ ಅವನು ಮೊದಲ ದಿನದಿಂದಲೂ ಸಾಧು ಅಲ್ಲ. ನನ್ನ ಪ್ರಕಾರ ಬದಲಾಗುವುದು ಅವನ ಆಸೆ. ಸಿನಿಮಾ ಮುಗಿಯುವ ಹೊತ್ತಿಗೆ ಅವನಲ್ಲಿ ಮಹತ್ವಾಕಾಂಕ್ಷೆಯೇ ಉಳಿದಿಲ್ಲ. ಅದು ಹೋದ ಜಾಗಕ್ಕೆ ಬೇರೇನೋ ಬಂದು ಕೂತಿದೆ. ಅದು ಹೇಗೆ ಎಂದು ಕೊಂಚ ನಿಧಾನವಾಗಿ ನೋಡೋಣ. ಕೊನೆಯ ದೃಶ್ಯದವರೆಗೂ ಹೇಳಲೇಬೇಕು, ಹಾಗಾಗಿ ಸಿನಿಮಾ ನೋಡದವರು ನೋಡಿಯೇ ಮುಂದೆ ಓದಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪಾತ್ರ ಬದಲಾಗುವುದು ಒಂದು, ಪಾತ್ರದ ಬಗ್ಗೆ ನಮಗೆ ಗೊತ್ತಿರುವುದು ಬದಲಾಗುವುದು ಇನ್ನೊಂದು. ನೋಡುತ್ತಾ ಕೂತವರಿಗೆ ಎರಡೂ ಒಂದೇ ಥರ ಅನ್ನಿಸುತ್ತದೆ. 1950ರ ‘ಆಲ್ ಅಬೌಟ್ ಈವ್’ ನೆನಪಿಸಿಕೊಳ್ಳಿ. ಈವ್ ಹ್ಯಾರಿಂಗ್ಟನ್ ಎಂಬ ಹುಡುಗಿ ದೊಡ್ಡ ನಟಿಯೊಬ್ಬಳ ಅಭಿಮಾನಿ ಎಂದು ಹೇಳಿಕೊಂಡು ರಂಗಮಂದಿರದ ಬಾಗಿಲಿಗೆ ಬರುತ್ತಾಳೆ. ಮೆತ್ತಗಿನ ಮಾತು, ತಗ್ಗಿಸಿದ ತಲೆ. ಆಮೇಲೆ ಆ ನಟಿಯ ಪಾತ್ರ, ಹೆಸರು ಎಲ್ಲಕ್ಕೂ ಕೈ ಹಾಕುತ್ತಾಳೆ. ಈವ್ ಬದಲಾದಳೇ? ಇಲ್ಲ. ಬಾಗಿಲಿಗೆ ಬಂದ ದಿನವೇ ಅವಳಿಗೆ ಏನು ಬೇಕೆಂದು ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ. ಅಲ್ಲಿ ಪರದೆ ಸರಿಯುತ್ತದೆ, ಮನುಷ್ಯಳು ಅವಳೇ.

ಇದರ ಇನ್ನೊಂದು ತುದಿಗೆ 1972ರ ‘ದ ಗಾಡ್‌ಫಾದರ್’ ಇದೆ. ಮೈಕಲ್ ಕಾರ್ಲಿಯೋನೆ ಶುರುವಿನಲ್ಲಿ ಸೈನ್ಯದ ಸಮವಸ್ತ್ರ ಹಾಕಿಕೊಂಡು ತಂಗಿಯ ಮದುವೆಗೆ ಬರುತ್ತಾನೆ. ಅದು ನನ್ನ ಮನೆಯವರ ಕಥೆ, ನನ್ನದಲ್ಲ ಎಂದು ಗೆಳತಿ ಕೇಗೆ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆ ಕ್ಷಣಕ್ಕೆ ಅದು ಅಪ್ಪಟ ನಿಜ. ಅವನ ತಿರುವು ಎಲ್ಲಿ ಎಂದು ಕೇಳಿದರೆ ಜಾಸ್ತಿ ಜನ ಹೋಟೆಲಿನಲ್ಲಿ ಅವನು ಇಬ್ಬರಿಗೆ ಗುಂಡು ಹೊಡೆಯುವ ದೃಶ್ಯ ಹೇಳುತ್ತಾರೆ. ನನಗೆ ಅದಕ್ಕಿಂತ ಮೊದಲಿನ ಒಂದು ಸಣ್ಣ ಗಳಿಗೆ ಮುಖ್ಯ. ಅಪ್ಪ ಆಸ್ಪತ್ರೆಯಲ್ಲಿದ್ದಾನೆ, ಕಾವಲಿನವರೆಲ್ಲ ಮಾಯ, ಕೊಲ್ಲಲು ಬರುವವರು ದಾರಿಯಲ್ಲಿದ್ದಾರೆ. ಮೈಕಲ್ ಮತ್ತು ಎನ್ಜೋ ಎಂಬ ಬೇಕರಿಯವನು ಬಾಗಿಲಲ್ಲಿ ಕಾವಲುಗಾರರ ಥರ ಸುಮ್ನೆ ನಿಲ್ಲುತ್ತಾರೆ. ಕಾರು ಬಂದು ನಿಧಾನಿಸಿ ಹೊರಟುಹೋಗುತ್ತದೆ. ಎನ್ಜೋ ಸಿಗರೇಟು ಹಚ್ಚಲು ಹೋದರೆ ಕೈ ಗಡಗಡ ನಡುಗುತ್ತದೆ. ಮೈಕಲ್ ಲೈಟರ್ ತೆಗೆದುಕೊಂಡು ತಾನೇ ಹಚ್ಚುತ್ತಾನೆ. ಆಮೇಲೆ ಒಂದು ಕ್ಷಣ ತನ್ನ ಕೈ ನೋಡಿಕೊಳ್ಳುತ್ತಾನೆ. ಕೈ ನಡುಗುತ್ತಿಲ್ಲ. ತಾನು ಈ ಕೆಲಸಕ್ಕೆ ಹೇಳಿ ಮಾಡಿಸಿದವನು ಎಂದು ಅವನಿಗೆ ಮೊದಲು ತಿಳಿಯುವುದು ಅಲ್ಲಿ. ಅವನ ಆಸೆ ಹುಟ್ಟುವುದು ಆಮೇಲೆ. ಇದು ನಿಜವಾದ ಬದಲಾವಣೆ: ಸಿನಿಮಾದ ಶುರುವಿನಲ್ಲಿ ಇಲ್ಲದ ಆಸೆ ಕೊನೆಯಲ್ಲಿ ಅವನನ್ನು ಪೂರ್ತಿ ನುಂಗಿರುತ್ತದೆ.

ಡೇನಿಯಲ್ ಈ ಎರಡರ ನಡುವೆ ಬರುತ್ತಾನೆ, ಅದಕ್ಕೇ ನಿಮ್ಮ ಗೆಳೆಯನ ಜೊತೆ ಜಗಳ ಹುಟ್ಟಿದ್ದು. ಈವ್ ಥರ ಅವನಲ್ಲೂ ಕೆಲವು ಮೊದಲಿನಿಂದ ಇವೆ. ಮೈಕಲ್ ಥರ ಕೆಲವು ದಾರಿಯಲ್ಲಿ ಬರುತ್ತವೆ. ಯಾವುದು ಯಾವುದು ಎಂದು ಬೇರ್ಪಡಿಸಬೇಕು.

ಮೊದಲಿನಿಂದ ಇದ್ದದ್ದು ಹಟ. 2007ರಲ್ಲಿ ಪಾಲ್ ಥಾಮಸ್ ಆಂಡರ್ಸನ್ ಈ ಸಿನಿಮಾ ಮಾಡಿದಾಗ ಮೊದಲ ಹದಿನಾಲ್ಕು ನಿಮಿಷ ಹೇಳಿಕೊಳ್ಳುವಂಥ ಮಾತನ್ನೇ ಇಡಲಿಲ್ಲ. 1898. ಒಬ್ಬನೇ ಮನುಷ್ಯ ಗುಂಡಿಯೊಳಗೆ ಬೆಳ್ಳಿಗಾಗಿ ಬಂಡೆ ಕುಟ್ಟುತ್ತಿದ್ದಾನೆ. ಏಣಿಯ ಮೆಟ್ಟಿಲು ಮುರಿದು ಕೆಳಗೆ ಬೀಳುತ್ತಾನೆ, ಕಾಲು ಮುರಿಯುತ್ತದೆ. ಅಷ್ಟು ನೋವಿನಲ್ಲೂ ಅವನು ಮೊದಲು ನೋಡುವುದು ಕಲ್ಲಿನಲ್ಲಿ ಬೆಳ್ಳಿ ಇದೆಯಾ ಎಂದು. ಆಮೇಲೆ ಆ ಕಾಲನ್ನು ಎಳೆದುಕೊಂಡೇ ಹೊರಗೆ ಬರುತ್ತಾನೆ. ಮುಂದಿನ ದೃಶ್ಯದಲ್ಲಿ ಅದಿರು ಪರೀಕ್ಷೆ ಮಾಡುವ ಕಚೇರಿಯ ನೆಲದ ಮೇಲೆ ಮಲಗಿದ್ದಾನೆ, ಕಾಲಿಗೆ ಪಟ್ಟಿ ಕಟ್ಟಿದೆ, ಮಲಗಿಕೊಂಡೇ ಕಾಗದಕ್ಕೆ ಸಹಿ ಹಾಕುತ್ತಾನೆ. ಆ ಕುಂಟು ಕೊನೆಯವರೆಗೂ ಹೋಗುವುದಿಲ್ಲ. ಇವನನ್ನು ನೋಡಿದರೆ ಅಸಹ್ಯ ಆಗುವುದಿಲ್ಲ ಅಲ್ವಾ? ಗೌರವವೇ ಬರುತ್ತದೆ. ನಿಮಗೆ ಇಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ, ಸಿನಿಮಾ ನಿಮ್ಮಿಂದ ಅದನ್ನೇ ಬಯಸುತ್ತದೆ.

ಇನ್ನು ಮಗ. 1902ರಲ್ಲಿ ಎಣ್ಣೆ ಬಾವಿ ತೋಡುವಾಗ ಕೆಲಸಗಾರನೊಬ್ಬ ಸಾಯುತ್ತಾನೆ. ಅವನ ಹಸುಗೂಸನ್ನು ಡೇನಿಯಲ್ ಇಟ್ಟುಕೊಳ್ಳುತ್ತಾನೆ. ಆ ಕೂಸೇ ಎಚ್‌.ಡಬ್ಲ್ಯೂ. ಹುಡುಗ ಸ್ವಲ್ಪ ದೊಡ್ಡವನಾದ ಮೇಲೆ ಜಮೀನಿನವರ ಹತ್ತಿರ ಮಾತಿಗೆ ಹೋದಾಗೆಲ್ಲ, ಇವನು ನನ್ನ ಮಗ, ನನ್ನ ಪಾಲುದಾರ, ನಾನು ಸಂಸಾರಸ್ಥ ಎಂದು ಪರಿಚಯ ಮಾಡಿಸುತ್ತಾನೆ. ಮುದ್ದು ಮುಖ ನೋಡಿದರೆ ಜನ ನಂಬುತ್ತಾರೆ, ಬಾವಿ ತೋಡಲು ಸಹಿ ಹಾಕುತ್ತಾರೆ. ನಿಮ್ಮ ಗೆಳೆಯ ಇದನ್ನು ಹಿಡಿದುಕೊಂಡೇ ವಾದ ಮಾಡಿರಬೇಕು: ನೋಡು, ಮಗನನ್ನೂ ಬಂಡವಾಳ ಮಾಡಿಕೊಂಡ.

ಸರಿ, ಮಾಡಿಕೊಂಡ. ಆದರೆ ರೈಲಿನ ದೃಶ್ಯ ನೆನಪಿಸಿಕೊಳ್ಳಿ. ಆ ಕೂಸು ಡೇನಿಯಲ್‌ನ ಮೀಸೆ ಮುಟ್ಟಿ ಆಡುತ್ತಿದೆ. ಡಬ್ಬಿಯಲ್ಲಿ ಅವರಿಗೆ ವ್ಯಾಪಾರ ಮಾಡುವ ಯಾರೂ ಇಲ್ಲ. ಯಾರನ್ನೂ ಮೆಚ್ಚಿಸಬೇಕಾಗಿಲ್ಲ. ಅಲ್ಲಿ ಅವನ ಮುಖದಲ್ಲಿ ಕಾಣುವುದು ನಾಟಕವಲ್ಲ. ಒಬ್ಬ ಮನುಷ್ಯನಿಗೆ ಮಗುವಿನ ಮೇಲೆ ಪ್ರೀತಿಯೂ ಇರಬಹುದು, ಅದೇ ಮಗುವಿನಿಂದ ಲಾಭವೂ ಬೇಕಿರಬಹುದು. ಎರಡೂ ಒಟ್ಟಿಗೆ ಇರುವಷ್ಟು ಹೊತ್ತು ಡೇನಿಯಲ್‌ಗೆ ಕಷ್ಟವಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂಬ ದಿನ ಬಂದಾಗ ಅವನ ನಿಜವಾದ ಕಥೆ ಶುರುವಾಗುತ್ತದೆ.

ಆ ದಿನ ಬರುವುದು 1911ರಲ್ಲಿ, ಲಿಟಲ್ ಬಾಸ್ಟನ್ ಎಂಬ ಕ್ಯಾಲಿಫೋರ್ನಿಯಾದ ಹಳ್ಳಿಯಲ್ಲಿ. ಈ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿ. ಬಾವಿಯಿಂದ ಇದ್ದಕ್ಕಿದ್ದಂತೆ ಅನಿಲ ಸಿಡಿಯುತ್ತದೆ. ಹತ್ತಿರವೇ ಇದ್ದ ಹುಡುಗ ಎಗರಿ ಬೀಳುತ್ತಾನೆ. ಡೇನಿಯಲ್ ಓಡಿ ಬಂದು ಅವನನ್ನು ಎತ್ತಿಕೊಂಡು ಹೋಗುತ್ತಾನೆ. ಇಲ್ಲಿಯವರೆಗೆ ಅಪ್ಪನೇ. ಹುಡುಗನಿಗೆ ಕಿವಿ ಕೇಳುತ್ತಿಲ್ಲ, ಹೆದರಿದ್ದಾನೆ, ಅಪ್ಪನನ್ನು ಬಿಡುತ್ತಿಲ್ಲ. ಹೊರಗೆ ಎಣ್ಣೆ ಆಕಾಶಕ್ಕೆ ಚಿಮ್ಮುತ್ತಿದೆ. ಡೇನಿಯಲ್ ಮಗನ ಕೈ ಬಿಡಿಸಿಕೊಂಡು ಹೊರಗೆ ಓಡುತ್ತಾನೆ. ಬಾವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಕತ್ತಲಾಗುತ್ತದೆ. ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ಅವನು ಆ ಬೆಂಕಿಯನ್ನೇ ನೋಡುತ್ತಾ ಕೂತಿದ್ದಾನೆ. ಜೊತೆಗಾರ ಫ್ಲೆಚರ್ ಕೇಳುತ್ತಾನೆ, ಹುಡುಗ ಹುಷಾರಾಗಿದ್ದಾನಾ? ಇಲ್ಲ, ಹುಷಾರಿಲ್ಲ, ಎಂದು ಡೇನಿಯಲ್ ಹೇಳುತ್ತಾನೆ. ಹೇಳಿ ಅಲ್ಲೇ ಇರುತ್ತಾನೆ. ಯಾಕೆ ಮುಖ ಜೋಲು ಹಾಕಿದ್ದೀಯ, ನಮ್ಮ ಕಾಲ ಕೆಳಗೆ ಎಣ್ಣೆಯ ಸಮುದ್ರವೇ ಇದೆ ಎಂದು ಫ್ಲೆಚರ್‌ನನ್ನೇ ಕೇಳುತ್ತಾನೆ.

ಆ ‘ಇಲ್ಲ’ದಲ್ಲಿ ಸುಳ್ಳಿಲ್ಲ. ಮಗನಿಗೆ ಏನಾಗಿದೆ ಎಂದು ಅವನಿಗೆ ಗೊತ್ತು. ಗೊತ್ತಿದ್ದೂ ಏಳುವುದಿಲ್ಲ. ಮೊದಲೇ ಹಾಗಿದ್ದ ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಮೊದಲೇ ಹಾಗಿದ್ದರೆ ಹುಡುಗನನ್ನು ಎತ್ತಿಕೊಂಡು ಓಡಿದ್ದು ಯಾಕೆ? ಆ ಓಟಕ್ಕೂ ಬೆಂಕಿಯ ಮುಂದೆ ಕೂತಿದ್ದಕ್ಕೂ ನಡುವೆ ಒಂದು ಆಯ್ಕೆ ನಡೆದಿದೆ. ಆಯ್ಕೆ ನಡೆದ ಕಡೆ ಬದಲಾವಣೆಯೂ ಇರುತ್ತದೆ.

ಆಮೇಲಿನ ಭಾಗದಲ್ಲಿ ಅವನನ್ನು ಕಾಡುವುದು ನಾಚಿಕೆ. ಹುಡುಗನನ್ನು ರೈಲಿನಲ್ಲಿ ಕೂರಿಸಿ, ಈಗ ಬಂದೆ ಎನ್ನುವಂತೆ ಇಳಿದು ಹೋಗಿಬಿಡುತ್ತಾನೆ, ರೈಲು ಹೊರಡುತ್ತದೆ. ಇದಾದ ಮೇಲೆ ದೊಡ್ಡ ಕಂಪನಿಯಾದ ಸ್ಟ್ಯಾಂಡರ್ಡ್ ಆಯಿಲ್‌ನ ಟಿಲ್ಫರ್ಡ್ ಬಂದು, ಬಾವಿಗಳನ್ನೆಲ್ಲ ನಮಗೆ ಮಾರು, ನಿನ್ನನ್ನು ಮಿಲಿಯಾಧೀಶನನ್ನಾಗಿ ಮಾಡುತ್ತೇವೆ ಎನ್ನುತ್ತಾನೆ. ಬರೀ ದುಡ್ಡಿನ ಆಸೆಯವನಾಗಿದ್ದರೆ ಅಲ್ಲಿಗೆ ಸಿನಿಮಾ ಮುಗಿಯಬೇಕಿತ್ತು. ಮಾರಿದ ಮೇಲೆ ನಾನು ಏನು ಮಾಡಲಿ ಎಂದು ಡೇನಿಯಲ್ ಕೇಳುತ್ತಾನೆ. ಮಗನನ್ನು ನೋಡಿಕೋ ಎಂದು ಟಿಲ್ಫರ್ಡ್ ಹೇಳುತ್ತಾನೆ. ಸಭ್ಯವಾಗಿಯೇ ಹೇಳುತ್ತಾನೆ ಪಾಪ. ಡೇನಿಯಲ್‌ನ ಉತ್ತರ? ಒಂದು ರಾತ್ರಿ ನಿನ್ನ ಮನೆಗೆ ನುಗ್ಗಿ ಕತ್ತು ಕುಯ್ಯುತ್ತೇನೆ. ಟಿಲ್ಫರ್ಡ್‌ಗೆ ತಾನು ಏನು ತಪ್ಪು ಮಾತಾಡಿದೆ ಎಂದೇ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗುತ್ತದೆ. ಹುಣ್ಣಿಗೆ ಕೈ ತಗುಲಿದೆ.

ಇದೇ ಹೊತ್ತಿಗೆ ಹೆನ್ರಿ ಎಂಬುವನು ತಮ್ಮ ಎಂದು ಹೇಳಿಕೊಂಡು ಬಂದಿರುತ್ತಾನೆ. ಡೇನಿಯಲ್ ಇಡೀ ಸಿನಿಮಾದಲ್ಲಿ ಮನಸ್ಸು ಬಿಚ್ಚಿ ಮಾತಾಡುವುದು ಅವನ ಹತ್ತಿರ ಒಂದೇ ಸಲ. ನನ್ನೊಳಗೆ ಪೈಪೋಟಿ ಇದೆ, ಬೇರೆ ಯಾರೂ ಗೆಲ್ಲಬಾರದು, ಜನರನ್ನು ಕಂಡರೆ ನನಗೆ ಆಗುವುದಿಲ್ಲ ಎನ್ನುತ್ತಾನೆ. ಎಲ್ಲರಿಂದ ದೂರ ಹೋಗಿಬಿಡುವಷ್ಟು ದುಡ್ಡು ಮಾಡಬೇಕು ಎನ್ನುತ್ತಾನೆ. ಬಹಳ ಜನ ಈ ಮಾತು ಕೇಳಿ, ನೋಡಿ, ಇವನು ಇಂಥವನೇ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಅದೇ ಉಸಿರಿನಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ: ನೀನು ಬಂದದ್ದು ನನಗೆ ಮರುಜೀವ ಬಂದಂತಾಗಿದೆ, ಇದನ್ನೆಲ್ಲ ನನ್ನೊಬ್ಬನಿಂದ ಮಾಡಲಾಗುವುದಿಲ್ಲ. ಜನ ಬೇಡ ಎನ್ನುವ ಮನುಷ್ಯ ಒಬ್ಬನಾದರೂ ಬೇಕು ಎಂದು ಒಪ್ಪಿಕೊಳ್ಳುತ್ತಿದ್ದಾನೆ. ಎಲ್ಲರನ್ನೂ ದ್ವೇಷಿಸುವುದು ಅವನ ಸ್ವಭಾವ ಇರಬಹುದು. ಆ ‘ಎಲ್ಲರ’ ಪಟ್ಟಿಯಿಂದ ಹೊರಗಿಡಲು ಅವನಿಗೆ ಯಾರಾದರೂ ಒಬ್ಬರು ಬೇಕಾಗಿತ್ತು. ಮೊದಲು ಮಗ, ಆಮೇಲೆ ಈ ತಮ್ಮ.

ಹೆನ್ರಿ ಮೋಸಗಾರ ಎಂದು ತಿಳಿದಾಗ ಡೇನಿಯಲ್ ಅವನನ್ನು ಕೊಂದು ಹೂತುಹಾಕುತ್ತಾನೆ. ನಿಜವಾದ ತಮ್ಮ ಎಂದೋ ಕ್ಷಯ ಬಂದು ಸತ್ತಿದ್ದ, ಅವನ ದಿನಚರಿ ಹೆನ್ರಿಯ ಕೈಗೆ ಸಿಕ್ಕಿತ್ತು. ಕೊಂದ ಮೇಲೆ ಡೇನಿಯಲ್ ಆ ದಿನಚರಿ ಓದುತ್ತಾ ಅಳುತ್ತಾನೆ. ಈ ಕೊಲೆಯಿಂದ ಅವನಿಗೆ ಒಂದು ಕಾಸಿನ ಲಾಭವಿಲ್ಲ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಅವನು ಮಾಡಿದ ಒರಟು ಕೆಲಸಗಳಿಗೆಲ್ಲ ಒಂದು ಲೆಕ್ಕಾಚಾರ ಇತ್ತು. ಇದಕ್ಕೆ ಇಲ್ಲ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆ. ಮಹತ್ವಾಕಾಂಕ್ಷೆಯ ಪಾತ್ರ ಬದಲಾಯಿತೇ ಎಂದು ನೋಡಬೇಕಾದರೆ, ಅವನು ಮಾಡುವ ಮೊದಲ ವ್ಯವಹಾರವನ್ನೂ ಕೊನೆಯ ವ್ಯವಹಾರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಅವನಿಗೆ ಏನು ಸಿಕ್ಕಿತು, ಏನು ಬಿಟ್ಟುಕೊಟ್ಟ ಎಂದು ಕೇಳಿ.

ಶುರುವಿನಲ್ಲಿ ಡೇನಿಯಲ್ ಒಂದು ಊರಿನ ಸಭೆಗೆ ಹೋಗುತ್ತಾನೆ. ಜನ ತಮ್ಮತಮ್ಮಲ್ಲೇ ಕಿತ್ತಾಡಲು ಶುರು ಮಾಡುತ್ತಾರೆ. ಅವನು ಟೋಪಿ ಎತ್ತಿಕೊಂಡು ಎದ್ದುಹೋಗುತ್ತಾನೆ. ಹಿಂದಿನಿಂದ ಓಡಿಬಂದು ಕೇಳಿಕೊಂಡರೂ ಒಪ್ಪುವುದಿಲ್ಲ, ಸುಮ್ನೆ ಕೊಟ್ಟರೂ ನಿಮ್ಮ ಜಾಗ ಬೇಡ ಎನ್ನುತ್ತಾನೆ. ಆಸೆ ಇದ್ದೂ ಎದ್ದುಹೋಗಬಲ್ಲ ಮನುಷ್ಯ ಇವನು. ದನಿ ಏರುವುದಿಲ್ಲ, ಒಂದೊಂದು ಪದವನ್ನೂ ತೂಗಿ ಇಡುತ್ತಾನೆ. ಪಾಲ್ ಸಂಡೇ ಎಂಬ ಹುಡುಗ ಬಂದು ನಮ್ಮೂರಲ್ಲಿ ಎಣ್ಣೆ ಇದೆ ಎಂದಾಗ 500 ಡಾಲರ್ ಕೊಟ್ಟು ಸುದ್ದಿ ಕೊಳ್ಳುತ್ತಾನೆ. ಆ ಊರಿಗೆ ಹೋಗಿ ಪಾಲ್‌ನ ಅಪ್ಪನ ಹತ್ತಿರ ಹಕ್ಕಿ ಬೇಟೆಗೆ ಬಂದೆವು ಎಂದು ಸುಳ್ಳು ಹೇಳುತ್ತಾನೆ, ಇವರಿಗೆ ಎಣ್ಣೆಯ ಬೆಲೆ ಕೊಡುವುದಿಲ್ಲ, ಹಕ್ಕಿಯ ಬೆಲೆ ಕೊಡುತ್ತೇನೆ ಎಂದು ಮಗನಿಗೆ ಹೇಳುತ್ತಾನೆ. ಪಾಲ್‌ನ ಅಣ್ಣತಮ್ಮ ಈಲೈ ಮಾತ್ರ ಜಾಣ. ಇಗರ್ಜಿಗೆ 10,000 ಡಾಲರ್ ಕೇಳುತ್ತಾನೆ, 5,000ಕ್ಕೆ ಮಾತಾಗುತ್ತದೆ. ಮೋಸ ಇದೆ, ನಿಜ. ಆದರೆ ವ್ಯಾಪಾರ ನಡೆಯುತ್ತಿದೆ. ಎದುರಿನವನನ್ನು ಗೆಲ್ಲುವುದು ಸಾಧನ, ಎಣ್ಣೆ ಗುರಿ.

ನಡುವಿನಲ್ಲಿ ಇಗರ್ಜಿಯ ದೃಶ್ಯ. ಸಮುದ್ರದವರೆಗೆ ಕೊಳವೆ ಹಾಕಲು ಬ್ಯಾಂಡಿ ಎಂಬ ಮುದುಕನ ಜಮೀನು ದಾಟಬೇಕು. ದೀಕ್ಷಾಸ್ನಾನ ಮಾಡಿಸಿಕೊಂಡರೆ ಕೊಡುತ್ತೇನೆ ಎಂದು ಮುದುಕ ಹೇಳುತ್ತಾನೆ. ಈಗ ಪಾದ್ರಿಯಾಗಿರುವ ಈಲೈ ಡೇನಿಯಲ್‌ನನ್ನು ಎಲ್ಲರ ಮುಂದೆ ಮಂಡಿಯೂರಿಸುತ್ತಾನೆ, ಕೆನ್ನೆಗೆ ಬಾರಿಸುತ್ತಾನೆ, ನನ್ನ ಮಗನನ್ನು ತೊರೆದೆ ಎಂದು ಕೂಗಿಸುತ್ತಾನೆ. ಮೊದಲು ಗೊಣಗಿದಂತೆ ಹೇಳುವ ಡೇನಿಯಲ್ ಆಮೇಲೆ ಗಂಟಲು ಹರಿಯುವಂತೆ ಕೂಗುತ್ತಾನೆ. ಡೇನಿಯಲ್ ಡೇ-ಲೂಯಿಸ್‌ಗೆ ಅತ್ಯುತ್ತಮ ನಟ ಎಂದು ಆಸ್ಕರ್ ಬಂದದ್ದು ಈ ಪಾತ್ರಕ್ಕೆ. ಈ ದೃಶ್ಯವೊಂದಕ್ಕೇ ಕೊಡಬಹುದಿತ್ತು. ಆ ಕೂಗಿನಲ್ಲಿ ಎಷ್ಟು ನಟನೆ, ಎಷ್ಟು ಪಶ್ಚಾತ್ತಾಪ ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಕೂಗಿ ಮುಗಿದ ಕೂಡಲೇ ಅವನ ಬಾಯಿಂದ ಬರುವ ಮಾತು ಕೊಳವೆಯದ್ದು. ಅಂದರೆ ಇನ್ನೂ ಆಸೆ ಬದುಕಿದೆ. ಮಾನ ಕೊಟ್ಟು ಕೊಳವೆ ತಗೊಂಡ. ದುಬಾರಿ ವ್ಯಾಪಾರ, ಆದರೂ ವ್ಯಾಪಾರವೇ.

ಈಗ ಕೊನೆಗೆ ಬನ್ನಿ. 1927. ಅರಮನೆಯಂಥ ಮನೆ, ಒಳಗೆ ಕುಡುಕ ಡೇನಿಯಲ್, ಮನೆಯ ಸಾಮಾನಿಗೇ ಗುಂಡು ಹೊಡೆಯುತ್ತಾ ಕೂತಿದ್ದಾನೆ. ಎಲ್ಲರಿಂದ ದೂರ ಹೋಗುವಷ್ಟು ದುಡ್ಡು ಬೇಕು ಎಂದಿದ್ದನಲ್ಲ, ಅದು ಸಿಕ್ಕಿದೆ. ಅವನ ಆಸೆ ಸೋತಿಲ್ಲ, ಗೆದ್ದಿದೆ. ಮೊದಲು ಮಗ ಬರುತ್ತಾನೆ, ಈಗ ದೊಡ್ಡವನು, ಈಲೈಯ ತಂಗಿ ಮೇರಿಯನ್ನು ಮದುವೆಯಾಗಿದ್ದಾನೆ. ಮೆಕ್ಸಿಕೋಗೆ ಹೋಗಿ ನನ್ನದೇ ಬಾವಿ ತೋಡುತ್ತೇನೆ ಎಂದು ಸನ್ನೆಯಲ್ಲಿ ಹೇಳುತ್ತಾನೆ, ಜೊತೆಗೆ ಬಂದವನು ಅದನ್ನು ಬಾಯಲ್ಲಿ ಹೇಳುತ್ತಾನೆ. ಹಾಗಾದರೆ ನೀನು ನನ್ನ ಪ್ರತಿಸ್ಪರ್ಧಿ ಎನ್ನುತ್ತಾನೆ ಅಪ್ಪ. ನೀನು ನನ್ನ ಮಗನೇ ಅಲ್ಲ, ಬುಟ್ಟಿಯಲ್ಲಿ ಸಿಕ್ಕ ಅನಾಥ ಎಂದು ಹೇಳಿಬಿಡುತ್ತಾನೆ. ಒಂದು ಸೂಕ್ಷ್ಮ ಗಮನಿಸಿದಿರಾ? ಅದಕ್ಕಿಂತ ಮೊದಲು ಅವನು, ನನ್ನ ಮನಸ್ಸಿನಲ್ಲಿರುವ ನನ್ನ ಮಗನ ಚಿತ್ರವನ್ನು ನೀನು ಕೊಲ್ಲುತ್ತಿದ್ದೀಯ ಎಂಬರ್ಥದ ಮಾತು ಹೇಳುತ್ತಾನೆ. ಎದುರಿಗೆ ನಿಂತ ಮಗ ಅವನಿಗೆ ಬೇಡ, ನೆನಪಿನಲ್ಲಿರುವ ಮಗ ಬೇಕು. ಮಗ ಹೊರಟುಹೋದ ಮೇಲೆ ಸಿನಿಮಾ ನಮಗೆ ಹಳೆಯ ದಿನವೊಂದನ್ನು ತೋರಿಸುತ್ತದೆ, ಅಪ್ಪ ಮತ್ತು ಪುಟ್ಟ ಹುಡುಗ ಬಯಲಿನಲ್ಲಿ ಆಡುತ್ತಿರುವುದು. ಮೊದಲಿನಿಂದಲೂ ಅವನು ಹೀಗೆಯೇ ಎಂದಿದ್ದರೆ ಆ ನೋಟ ಅಲ್ಲಿ ಇರಬೇಕಾಗಿರಲಿಲ್ಲ.

ಮೂಲ ಕಾದಂಬರಿಯ ವಿಷಯ ಇಲ್ಲಿ ಹೇಳಬೇಕು. ಅಪ್ಟನ್ ಸಿಂಕ್ಲೇರ್ ಬರೆದ ‘ಆಯಿಲ್!’ 1927ರದ್ದು. ಅದರಲ್ಲಿ ಕಥೆಯ ನಡುವೆ ನಿಲ್ಲುವವನು ಮಗ, ಅಪ್ಪನನ್ನು ನಾವು ಅವನ ಕಣ್ಣಿನಿಂದ ನೋಡುತ್ತೇವೆ. ಆಂಡರ್ಸನ್ ಕಾದಂಬರಿಯ ಸ್ವಲ್ಪ ಭಾಗವನ್ನು ಮಾತ್ರ ತೆಗೆದುಕೊಂಡು, ಅಪ್ಪನನ್ನು ನಡುವೆ ತಂದು ನಿಲ್ಲಿಸಿ, ಮಗನ ಕಿವಿ ಕಿತ್ತುಕೊಂಡ. ಮಗ ಮಾತು ಕೇಳಿಸಿಕೊಳ್ಳಲಾರದವನಾದ ಮೇಲೆ ಅಪ್ಪನ ಮಾತಿಗೆ ಬೆಲೆಯೇ ಹೋಯಿತು. ಮಾತಿನಿಂದಲೇ ಜನರನ್ನು ಗೆಲ್ಲುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ಬರವಣಿಗೆಯ ದೃಷ್ಟಿಯಿಂದ ಇದು ನನಗೆ ತುಂಬಾ ಇಷ್ಟವಾದ ಜಾಣತನ.

ಮಗ ಹೋದ ಮೇಲೆ ಈಲೈ ಬರುತ್ತಾನೆ. ಈಗ ಅವನಿಗೆ ದುಡ್ಡಿನ ಕಷ್ಟ. ಮುದುಕ ಬ್ಯಾಂಡಿಯ ಜಮೀನು ಕೊಡಿಸುತ್ತೇನೆ, 1,00,000 ಡಾಲರ್ ಕೊಡು, ಜೊತೆಗೆ ಹಳೆಯ ಬಾಕಿ 5,000 ಬಡ್ಡಿ ಸಮೇತ ಎನ್ನುತ್ತಾನೆ. ಅದೇ ಇಬ್ಬರು, ಅದೇ ಚೌಕಾಸಿ, ಅದೇ ಐದು ಸಾವಿರ. ಡೇನಿಯಲ್ ಒಪ್ಪಿದಂತೆ ಮಾಡುತ್ತಾನೆ. ಬದಲಿಗೆ, ನಾನು ಸುಳ್ಳು ಪ್ರವಾದಿ, ದೇವರು ಎಂಬುದು ಮೂಢನಂಬಿಕೆ ಎಂದು ಹೇಳು ಎನ್ನುತ್ತಾನೆ. ಇಗರ್ಜಿಯಲ್ಲಿ ತನಗಾದದ್ದನ್ನೇ ತಿರುಗಿಸಿ ಮಾಡಿಸುತ್ತಾನೆ. ಇನ್ನೂ ಜೋರಾಗಿ, ಇನ್ನೂ ಜೋರಾಗಿ. ಈಲೈ ಕೂಗಿ ಸುಸ್ತಾದ ಮೇಲೆ ಹೇಳುತ್ತಾನೆ: ಆ ಜಮೀನಿನಲ್ಲಿ ಏನೂ ಇಲ್ಲ. ಸುತ್ತಲಿನ ಬಾವಿಗಳಿಂದ ಅದರ ಎಣ್ಣೆಯನ್ನು ನಾನು ಆಗಲೇ ಹೀರಿಬಿಟ್ಟಿದ್ದೇನೆ. ಭೂಮಿಯ ಕೆಳಗಿನ ಎಣ್ಣೆಗೆ ಬೇಲಿ ಇರುವುದಿಲ್ಲ, ಪಕ್ಕದ ಜಾಗದಲ್ಲಿ ಕೊಳವೆ ಇಳಿಸಿದರೆ ಇಲ್ಲಿಂದ ಅಲ್ಲಿಗೆ ಹರಿದುಹೋಗುತ್ತದೆ. ಇದನ್ನು ವಿವರಿಸಲು ಅವನು ಉದ್ದನೆಯ ಸ್ಟ್ರಾ ಹಾಕಿ ಬೇರೆಯವರ ಮಿಲ್ಕ್‌ಶೇಕ್ ಕುಡಿಯುವ ಮಾತಾಡುತ್ತಾನೆ. ಜನ ಈಗ ಅದನ್ನು ತಮಾಷೆಗೆ ಬಳಸುತ್ತಾರೆ. ದೃಶ್ಯದಲ್ಲಿ ಕೂತು ನೋಡಿದರೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಈ ವ್ಯವಹಾರದಲ್ಲಿ ಡೇನಿಯಲ್‌ಗೆ ಸಿಗುವುದೇನು? ಏನೂ ಇಲ್ಲ. ಎಣ್ಣೆ ಆಗಲೇ ಅವನದು. ದುಡ್ಡು ಬೇಕಿಲ್ಲ. ಎದುರಿನವನು ಸೋತು ಬಂದವನು, ಗೆಲ್ಲಲು ಏನೂ ಉಳಿದಿಲ್ಲ. ಹಾಗಿದ್ದೂ ಚೌಕಾಸಿ ಮಾಡುತ್ತಾನೆ, ಅವಮಾನ ಮಾಡುವುದಕ್ಕಾಗಿಯೇ. ಮೊದಲು ಆಸೆ ಯಜಮಾನ, ಸಿಟ್ಟು ಅದರ ಆಳು. ಈಗ ಆಳು ಮನೆಯನ್ನೇ ಹಿಡಿದುಕೊಂಡಿದ್ದಾನೆ. ಸಿಟ್ಟು ಮೊದಲೂ ಇತ್ತು, ನಿಮ್ಮ ಗೆಳೆಯ ಹೇಳುವುದು ಅಷ್ಟರಮಟ್ಟಿಗೆ ಸರಿ. ಅದನ್ನು ಕೆಲಸಕ್ಕೆ ಹಚ್ಚಲು ಒಂದು ಗುರಿ ಇತ್ತು. ಗುರಿ ಮುಟ್ಟಿದ ಮೇಲೆ ಸಿಟ್ಟಿಗೆ ಕೆಲಸವಿಲ್ಲ, ಹಾಗಾಗಿ ಸಿಕ್ಕವರ ಮೇಲೆ ಹಾಯುತ್ತದೆ. ಚೆಂಡು ಉರುಳಿಸಿ ಮರದ ಪಿನ್‌ಗಳನ್ನು ಬೀಳಿಸುವ ಬೌಲಿಂಗ್ ಆಟದ ಕೋಣೆಯಲ್ಲೇ, ಅಲ್ಲಿದ್ದ ಒಂದು ಪಿನ್ ತೆಗೆದುಕೊಂಡು ಈಲೈಯನ್ನು ಬಡಿದು ಕೊಲ್ಲುತ್ತಾನೆ. ಮನೆಕೆಲಸದವನು ಬಂದು ಕೇಳಿದಾಗ, ನನ್ನದು ಮುಗಿಯಿತು ಎನ್ನುತ್ತಾನೆ. ಊಟ ಮುಗಿಸಿದವನು ಹೇಳುವ ದನಿಯಲ್ಲಿ.

ಇದನ್ನು ಇತರ ಸಿನಿಮಾಗಳ ಮೇಲೂ ಇಟ್ಟು ನೋಡಬಹುದು. 1941ರ ‘ಸಿಟಿಜನ್ ಕೇನ್’ನಲ್ಲಿ ಕೇನ್ ಪತ್ರಿಕೆ ಕೈಗೆ ತೆಗೆದುಕೊಂಡ ಹೊಸದರಲ್ಲಿ ಓದುಗರಿಗೆ ಸತ್ಯವನ್ನೇ ಹೇಳುತ್ತೇನೆ ಎಂದು ಮಾತು ಬರೆದುಕೊಡುತ್ತಾನೆ. ಅದೇ ಸಿನಿಮಾದಲ್ಲಿ ಗಂಡಹೆಂಡತಿ ಬೆಳಗಿನ ತಿಂಡಿಗೆ ಕೂರುವ ಒಂದು ಸರಣಿ ಇದೆ. ವರ್ಷಗಳ ಸಂಸಾರ ಕೆಲವೇ ನಿಮಿಷದಲ್ಲಿ ಹೋಗಿಬಿಡುತ್ತದೆ. ಮೊದಲು ಪ್ರೀತಿಯ ಮಾತು, ಆಮೇಲೆ ಚುಚ್ಚುಮಾತು, ಕೊನೆಗೆ ಮಾತೇ ಇಲ್ಲ. ಹೆಂಡತಿ ಎದುರಾಳಿಯ ಪತ್ರಿಕೆ ಹಿಡಿದು ಕೂತಿದ್ದಾಳೆ. ಯಾರೂ ಕಿರುಚಲಿಲ್ಲ, ಯಾರೂ ಬಾಗಿಲು ಬಡಿಯಲಿಲ್ಲ. ಮಹತ್ವಾಕಾಂಕ್ಷೆ ಮನೆಗೆ ಏನು ಮಾಡುತ್ತದೆ ಎಂದು ತೋರಿಸಲು ಇದಕ್ಕಿಂತ ಕಡಿಮೆ ಖರ್ಚಿನ ದೃಶ್ಯ ನನಗೆ ಗೊತ್ತಿಲ್ಲ. ನೀವು ಕಿರುಚಿತ್ರ ಮಾಡುವವರು, ಇದನ್ನು ತಪ್ಪದೆ ನೋಡಿ.

2014ರ ‘ವಿಪ್‌ಲ್ಯಾಶ್’ ಬೇರೆ ಜಾತಿ. ಅಲ್ಲಿ ಡ್ರಮ್ ಬಾರಿಸುವ ಹುಡುಗ ಆಂಡ್ರೂ ಗೆಳತಿಯನ್ನು ಬಿಡುತ್ತಾನೆ, ನೀನು ನನ್ನ ಅಭ್ಯಾಸಕ್ಕೆ ಅಡ್ಡಿಯಾಗುತ್ತೀಯ ಎಂದು ಮುಂದೆ ಆಗಬಹುದಾದ್ದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಹೇಳುತ್ತಾನೆ. ಗುರು ಬಯ್ಯುವಾಗ ಮಾತಾಡುವ ದನಿ ಈಗ ಅವನ ಬಾಯಿಗೆ ಬಂದಿದೆ. ಕೊನೆಯ ಡ್ರಮ್ ವಾದನ ಗೆಲುವೋ ಸೋಲೋ ಎಂದು ಜನ ಇನ್ನೂ ಜಗಳ ಆಡುತ್ತಾರೆ. ನನಗೆ ಅದು ಎರಡೂ ಹೌದು. ಸಂಗೀತ ಗೆದ್ದಿದೆ, ಪಕ್ಕದಲ್ಲಿ ನಿಂತು ನೋಡುವ ಅಪ್ಪನ ಮುಖದಲ್ಲಿ ಸಂತೋಷಕ್ಕಿಂತ ಗಾಬರಿ ಜಾಸ್ತಿ.

ಇನ್ನು ನಿಮ್ಮ ಕಿರುಚಿತ್ರ. ಉಪದೇಶ ಕಡಿಮೆ ಮಾಡುತ್ತೇನೆ. ನಿಮ್ಮ ಪಾತ್ರಕ್ಕೆ ಏನು ಬೇಕು ಎಂದು ಬರೆದುಕೊಂಡಿರುತ್ತೀರಿ, ಅದು ಸುಲಭ. ಆ ಆಸೆಯ ಜೊತೆಗೆ ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಪ್ರೀತಿ ಇಡಿ. ಡೇನಿಯಲ್‌ಗೆ ಮಗ ಇದ್ದ ಹಾಗೆ. ಅದು ಇಲ್ಲದಿದ್ದರೆ ಪಾತ್ರ ಆಸೆಯ ಹಿಂದೆ ನೇರವಾಗಿ ಓಡುತ್ತದೆ, ನೋಡುವವರಿಗೆ ಓಟ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಮೇಲೆ ಎರಡನ್ನೂ ಒಂದೇ ದಿನ, ಒಂದೇ ಗಳಿಗೆಯಲ್ಲಿ ಕೇಳಿ. ಹುಡುಗ ಕೈ ಹಿಡಿದಿದ್ದಾನೆ, ಹೊರಗೆ ಬಾವಿ ಉರಿಯುತ್ತಿದೆ: ಇಂಥದ್ದೊಂದು ಗಳಿಗೆ ಸಿಕ್ಕರೆ ಅರ್ಧ ಚಿತ್ರ ಬರೆದ ಹಾಗೆ. ಹತ್ತು ಹದಿನೈದು ನಿಮಿಷದ ಚಿತ್ರದಲ್ಲಿ ಇಂಥ ಒಂದು ಆಯ್ಕೆಗಿಂತ ಜಾಸ್ತಿಗೆ ಜಾಗ ಇರುವುದಿಲ್ಲ, ಹಾಗಾಗಿ ಎರಡನೆಯದಕ್ಕೆ ಕೈ ಹಾಕಬೇಡಿ.

ಆಯ್ಕೆ ಮಾಡಿದ ಮೇಲೆ ಪಾತ್ರದ ಕೈಲಿ ಅದರ ಬಗ್ಗೆ ಮಾತಾಡಿಸಬೇಡಿ. ನಾನು ಬದಲಾಗಿದ್ದೇನೆ, ನನಗೆ ಈಗ ಅರ್ಥವಾಯಿತು ಎಂಬ ಸಂಭಾಷಣೆ ಬರೆದಿದ್ದರೆ ಇವತ್ತೇ ಹೊಡೆದುಹಾಕಿ. ಬೇಕಿದ್ದರೆ ಮೊದಲ ದೃಶ್ಯದಲ್ಲಿ ಅವನು ಮಾಡಿದ ಒಂದು ಸಣ್ಣ ಕೆಲಸವನ್ನು ಕೊನೆಯಲ್ಲಿ ಬೇರೆ ರೀತಿ ಮಾಡಿಸಿ. ಮೊದಲು ಬೆಲೆ ಕೇಳುವ ಮುಂಚೆ ಎದುರಿನವರನ್ನು ಕೂರಿಸುತ್ತಿದ್ದವನು ಈಗ ನಿಲ್ಲಿಸಿಕೊಂಡೇ ಮಾತಾಡುತ್ತಾನೆ. ಅಷ್ಟು ಸಾಕು. ಅದನ್ನು ಕ್ಯಾಮೆರಾ ಹತ್ತಿರ ಹೋಗಿ ಎತ್ತಿ ತೋರಿಸಬೇಕಾಗಿಯೂ ಇಲ್ಲ, ಜನ ಹಿಡಿಯುತ್ತಾರೆ.

ಕೊನೆಯದಾಗಿ, ಅವನಿಗೆ ಬೇಕಾದದ್ದನ್ನು ಕೊಟ್ಟುಬಿಡಲು ಹೆದರಬೇಡಿ. ಹೊಸದಾಗಿ ಬರೆಯುವವರು ಮಹತ್ವಾಕಾಂಕ್ಷಿಯನ್ನು ಸೋಲಿಸಿಯೇ ತೀರುತ್ತಾರೆ, ಪೊಲೀಸರು ಬರುತ್ತಾರೆ, ದುಡ್ಡು ಹೋಗುತ್ತದೆ. ಹಾಗೆ ಮಾಡಿದರೆ ನೋಡುವವರು ತಕ್ಕ ಶಾಸ್ತಿ ಆಯಿತು ಎಂದು ಎದ್ದುಹೋಗುತ್ತಾರೆ. ನಿಮ್ಮ ಪಾತ್ರ ಗೆದ್ದ ಮೇಲೆ ಅವನ ಮುಂದಿನ ಒಂದು ಸಾಧಾರಣ ದಿನ ಹೇಗಿರುತ್ತದೆ, ಯಾರ ಜೊತೆ ಊಟ ಮಾಡುತ್ತಾನೆ, ಯಾರ ಫೋನಿಗೆ ಕಾಯುತ್ತಾನೆ ಎಂದು ಬರೆದು ನೋಡಿ. ಆ ಪುಟ ಚಿತ್ರಕಥೆಗೆ ಸೇರದಿರಬಹುದು. ಆದರೆ ಚಿತ್ರದ ಕೊನೆಯ ದೃಶ್ಯ ಯಾವುದು ಎಂದು ಅದರಿಂದ ತಿಳಿಯುತ್ತದೆ. ನಿಮ್ಮ ಗೆಳೆಯನಿಗೆ ಬೆಂಕಿಯ ರಾತ್ರಿಯ ದೃಶ್ಯವನ್ನೂ ಕೊನೆಯ ಚೌಕಾಸಿಯನ್ನೂ ಒಂದರ ಹಿಂದೆ ಒಂದು ಹಾಕಿ ತೋರಿಸಿ. ಆಮೇಲೂ ಒಪ್ಪದಿದ್ದರೆ ಅವನ ವಾದ ಏನೆಂದು ಬರೆದು ಕಳಿಸಿ, ಮುಂದುವರಿಸೋಣ.